ಮೂರು ಕಿಂಡಿ, ಒಂದು ಪರದೆ
ಮೊನ್ನೆ ಮಧ್ಯಾಹ್ನ ವಿಡಿಯೊ ಸಭೆಯಲ್ಲಿ ಕೂತು ಲೆಕ್ಕದ ಹಾಳೆಯೊಂದನ್ನು ವಿವರಿಸುತ್ತಿದ್ದೆ. ಪರದೆ ಒಮ್ಮೆ ಕಪ್ಪಾಯಿತು. ಮರುಕ್ಷಣ ನನ್ನ ಅಂಕಿಗಳಿದ್ದ ಜಾಗದಲ್ಲಿ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಓಡುತ್ತಿತ್ತು. ಹಿಂದೆ ತಿರುಗಿದರೆ ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಹಿಡಿದ ಮಗಳು.

43 ಇಂಚಿನ ಟಿವಿಯನ್ನೇ ಮಾನಿಟರ್ ಮಾಡಿಕೊಂಡವರ ಪಾಡು ಇದು. ನಮ್ಮ ಟಿವಿಯಲ್ಲಿ ಎಚ್‌ಡಿಎಂಐ ಕಿಂಡಿಗಳು, ಅಂದರೆ ಚಿತ್ರ ಮತ್ತು ಧ್ವನಿ ಒಯ್ಯುವ ಕೇಬಲ್ ಸಿಕ್ಕಿಸುವ ಜಾಗಗಳು, ಮೂರು. ಮೊದಲನೆಯದಕ್ಕೆ ಸೌಂಡ್‌ಬಾರ್ ಎಂಬ ಉದ್ದನೆಯ ಸ್ಪೀಕರಿನ ಮೂಲಕ ಸೆಟ್‌ಟಾಪ್ ಬಾಕ್ಸ್, ಎರಡನೆಯದಕ್ಕೆ ಕಚೇರಿಯ ಲ್ಯಾಪ್‌ಟಾಪ್, ಮೂರನೆಯದಕ್ಕೆ ನನ್ನ ಹಳೆಯ ಡೆಸ್ಕ್‌ಟಾಪ್. ಅವಳು ಒತ್ತಿದ್ದು ಬಾಕ್ಸಿನ ಗುಂಡಿಯನ್ನು. ಟಿವಿಯನ್ನು ಮುಟ್ಟಿಯೇ ಇರಲಿಲ್ಲ. ಆದರೂ ಪರದೆ ಕೈತಪ್ಪಿ ಹೋಯಿತು.

ಇದಕ್ಕೆ ಕಾರಣ ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿದ ಸಾಧನಗಳು ತಮ್ಮತಮ್ಮಲ್ಲೇ ಆಡುವ ಮಾತುಕತೆ. ಎಚ್‌ಡಿಎಂಐ ಕೇಬಲ್ಲಿನ 19 ಪಿನ್‌ಗಳಲ್ಲಿ 13ನೆಯದು ಈ ಮಾತುಕತೆಗೆಂದೇ ಮೀಸಲು. ಬಾಕ್ಸ್ ಎಚ್ಚರಗೊಂಡೊಡನೆ ‘ಈಗ ನನ್ನ ಚಿತ್ರ ತೋರಿಸು’ ಎನ್ನುತ್ತದೆ, ಟಿವಿ ತಲೆಯಾಡಿಸುತ್ತದೆ. ಮೆನುವಿನಲ್ಲಿ ಸಿಇಸಿ ಎಂದು ಹುಡುಕಿದರೆ ಸಿಗುವುದು ಕಷ್ಟ: ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ತಮಾಷೆಯೆಂದರೆ, ಸಾಮಾನ್ಯ ಲ್ಯಾಪ್‌ಟಾಪುಗಳಿಗೆ ಈ ಭಾಷೆ ಬರುವುದೇ ಇಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಹಾಗೆ ಬಾಕ್ಸ್ ಕೇಳಿ ಪಡೆಯಿತು, ಲ್ಯಾಪ್‌ಟಾಪ್ ಸುಮ್ಮನೆ ಕೂತಿತು.

ಸುಮ್ಮನೆ ಎಂದೆನೇ? ಇಲ್ಲ. 19ನೆಯ ಪಿನ್ನಿನ ಕೆಲಸ, ಪರದೆ ಇದೆಯೋ ಇಲ್ಲವೋ ಎಂದು ತಿಳಿಸುವುದು. ನಮ್ಮ ಟಿವಿ ಬೇರೆ ಕಿಂಡಿಗೆ ಹೊರಳಿದರೆ ಆ ಸೂಚನೆಯನ್ನೂ ಕಡಿದುಬಿಡುತ್ತದೆ. ಕೇಬಲ್ ಕಿತ್ತರೆಂದು ಲ್ಯಾಪ್‌ಟಾಪ್ ನಂಬುತ್ತದೆ, ತೆರೆದಿದ್ದ ಕಿಟಕಿಗಳನ್ನೆಲ್ಲ ಗುಡಿಸಿ ತನ್ನ ಪುಟ್ಟ ಪರದೆಯ ಮೇಲೆ ರಾಶಿ ಹಾಕುತ್ತದೆ. ಟಿವಿಯನ್ನು ಮರಳಿ ತಂದ ಮೇಲೆ ಅವನ್ನು ಒಂದೊಂದಾಗಿ ಎಳೆದು ಸ್ವಸ್ಥಾನಕ್ಕೆ ಸೇರಿಸುವುದು ನನ್ನ ಪಾಲಿನ ಕೆಲಸ.

ಕಿಂಡಿಗಳ ಇನ್ನೊಂದು ಕಾಟ ಅಕ್ಷರದ್ದು. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣದ ‘ಸ್ತ್ರೀ’ ಎಂದು ಬರೆದು ನೋಡಿ. ಮೊದಲ ವಾರ ನನ್ನ ಟಿವಿಯಲ್ಲಿ ಅದರ ಎರಡು ಒತ್ತಕ್ಷರಗಳೂ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಳಿಯ ಮೇಲೆ ಕಪ್ಪಾದರೆ ಏನೂ ತೊಂದರೆ ಇರಲಿಲ್ಲ. ಟಿವಿ ಬೆಳಕನ್ನು ಚುಕ್ಕೆ ಚುಕ್ಕೆಗೂ ಬೇರೆಯಾಗಿ ಇಟ್ಟುಕೊಂಡರೂ ಬಣ್ಣವನ್ನು ಅಕ್ಕಪಕ್ಕದ ಎರಡೋ ನಾಲ್ಕೋ ಚುಕ್ಕೆಗಳಿಗೆ ಸೇರಿಸಿ ಹಂಚುತ್ತದೆ. ಸಿನಿಮಾಕ್ಕೆ ಅಷ್ಟು ಸಾಕು, ಒತ್ತಕ್ಷರಕ್ಕೆ ಸಾಲದು. ಮದ್ದು ವಿಚಿತ್ರವಾಗಿತ್ತು. ಆ ಕಿಂಡಿಯ ಹೆಸರನ್ನು ‘ಪಿಸಿ’ ಎಂದು ಬದಲಿಸಿದೆ, ಅಷ್ಟೇ. ಹಲವು ಟಿವಿಗಳಲ್ಲಿ ಅದು ಬರೀ ಹೆಸರಲ್ಲ, ಚಿತ್ರ ಸಂಸ್ಕರಿಸುವ ಕ್ರಮವನ್ನೇ ಬದಲಿಸುವ ಆಜ್ಞೆ. ಒತ್ತುಗಳು ಬಿಡಿಬಿಡಿಯಾದವು. ಆದರೆ ಹೀಗೆ ಮಾಡಿದ್ದು ಎರಡನೆಯ ಕಿಂಡಿಗೆ ಮಾತ್ರ. ಡೆಸ್ಕ್‌ಟಾಪಿಗೆ ಹೊರಳಿದಾಗ ಮತ್ತದೇ ಒದ್ದೆ ಅಕ್ಷರ ಕಂಡು, ನನ್ನ ಕನ್ನಡಕವನ್ನೇ ಎರಡು ಸಲ ಒರೆಸಿದ್ದೆ.

ಬೆಕ್ಕಿನ ಪ್ರಕರಣದ ಸಂಜೆ ಟಿವಿಯಲ್ಲಿ ಸಿಇಸಿಯನ್ನೇ ನಂದಿಸಿದೆ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಸೌಂಡ್‌ಬಾರ್ ಮೂಕವಾಯಿತು. ಟಿವಿಯಿಂದ ಅದಕ್ಕೆ ಧ್ವನಿ ಒಯ್ಯುವ ಎಆರ್‌ಸಿ ನಮ್ಮಲ್ಲಿ ಸಿಇಸಿಯನ್ನೇ ನೆಚ್ಚಿಕೊಂಡಿತ್ತು. ಕೊನೆಗೆ ಟಿವಿಯ ಸಿಇಸಿಯನ್ನು ಮತ್ತೆ ಹೊತ್ತಿಸಿ, ಸೆಟ್‌ಟಾಪ್ ಬಾಕ್ಸಿನ ಮೆನುವಿಗೆ ಹೋಗಿ ಅದರ ಬಾಯಿಯನ್ನಷ್ಟೇ ಕಟ್ಟಿದೆ.

ಈಗ ಬೆಕ್ಕು ಬೇಕಾದರೆ ಮಗಳು ಟಿವಿಯ ರಿಮೋಟನ್ನೇ ಹುಡುಕಬೇಕು. ಅದು ನನ್ನ ಕೀಲಿಮಣೆಯ ಪಕ್ಕದಲ್ಲಿರುತ್ತದೆ. ನಿನ್ನೆ ಬಂದು, ‘ಅಪ್ಪಾ, ನಿನ್ನ ಸಭೆ ಮುಗಿಯಿತೇ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಗುಂಡಿ ಒತ್ತಿದಳು.