ಪಿಕಾಸಿಯ ಕಣ್ಣು, ಜಾಲಿಯ ಕಾವು: ಕೊಡಲಿಯ ತಲೆ ಕೊನೆಗೂ ನಿಂತಿತು

ಹನ್ನೊಂದು ತಿಂಗಳ ನಂತರ ನನ್ನ ಕೊಡಲಿಯ ತಲೆ ಕಾವಿನ, ಅಂದರೆ ಕಟ್ಟಿಗೆಯ ಹಿಡಿಯ, ಮೇಲೆ ಅಲುಗಾಡದೆ ನಿಂತಿದೆ. ಎರಡು ದಿನ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ನಾಲ್ಕು ದಿನ ಧಾರವಾಡದ ಮೇ ತಿಂಗಳ ಬಿಸಿಲಿಗೆ ಮಾಳಿಗೆಯ ಮೇಲೆ ಒಣಹಾಕಿ, ಇದೇ ಪರೀಕ್ಷೆಯನ್ನು ಮೂರು ಸಲ ನಡೆಸಿ, ಪ್ರತಿ ಸಲ 200ರಂತೆ ಒಟ್ಟು 600 ಏಟು ಹೊಡೆದು ನೋಡಿದೆ. ತಲೆಯ ಕೆಳ ಅಂಚಿಗೆ ಸರಿಯಾಗಿ ಕಾವಿನ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿದ್ದೆ. ಈಗ ತಲೆ ಆ ಗೆರೆಯಿಂದ 4 ಮಿಲಿಮೀಟರ್ ಮೇಲಕ್ಕೆ ಸರಿದಿದೆ, ಆದರೆ ಸಡಿಲವಾಗಿಲ್ಲ. ತಲೆ ಕಾವಿನಿಂದ ಸಡಿಲವಾಗಿ ಹಾರದಂತೆ ಮಾಡುವುದು ಹೇಗೆ ಎಂದು ನನ್ನನ್ನು ಇಷ್ಟು ದಿನ ಕಾಡಿದ ಪ್ರಶ್ನೆಗೆ ಉತ್ತರವಿರುವುದು ಆ 4 ಮಿಲಿಮೀಟರಿನಲ್ಲಿಯೇ.

ಜೊಂಬಿಗಳ ಕಾಲ ಬಂದರೆ ಕೈಗೆಟಕುವ ದೂರದಲ್ಲಿ ಹೋರಾಡಲು ಕೊಡಲಿಯೇ ಏಕೆ ಎಂಬುದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಹೈಟಿಯ ಜನಪದ ನಂಬಿಕೆಯ ಜೊಂಬಿ ಯಾರನ್ನೂ ಕಚ್ಚುವುದಿಲ್ಲ, ಅದು ಮಾಂತ್ರಿಕನ ಆಳಾಗಿ ದುಡಿಯುವ ಹೆಣ. ಹಿಂಡುಗಟ್ಟಿ ಬಂದು ಮನುಷ್ಯರನ್ನು ತಿನ್ನುವ, ತಲೆಗೆ ಏಟು ಬಿದ್ದರೆ ಮಾತ್ರ ಉರುಳುವ ಜೊಂಬಿ ರೂಢಿಗೆ ಬಂದದ್ದು 1968ರ ಒಂದು ಅಮೆರಿಕನ್ ಚಲನಚಿತ್ರದಿಂದ. ನಾನು ಸಿದ್ಧನಾಗುತ್ತಿರುವುದು ಈ ಎರಡನೆಯ ಬಗೆಗೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವೀರಗಲ್ಲುಗಳ ಮುಂದೆ ನಿಂತಾಗಲೆಲ್ಲ ಕತ್ತಿಯ ಆಸೆ ಹುಟ್ಟುತ್ತದೆ ನಿಜ. ಆದರೆ 1959ರ ಶಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಆಯುಧಗಳನ್ನು ಹಿಡಿತದಲ್ಲಿಟ್ಟು, ಮನೆಗೆಲಸಕ್ಕೂ ಒಕ್ಕಲುತನಕ್ಕೂ ಮಾಡಿದ ಹತ್ಯಾರಗಳನ್ನು ಹೊರಗಿಟ್ಟಿವೆ. ಒಕ್ಕಲುತನದ ಹತ್ಯಾರಗಳಲ್ಲಿ ಕುಡಗೋಲು ಎದುರಾಳಿಯನ್ನು ತೀರ ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ, ಹಾರೆಯನ್ನು ಇಪ್ಪತ್ತು ಸಲ ಎತ್ತುವಷ್ಟರಲ್ಲಿ ತೋಳು ಸೋಲುತ್ತದೆ, ಬಿದಿರಿನ ಬಡಿಗೆ ದೂರ ಇಡುತ್ತದೆಯೇ ಹೊರತು ಉರುಳಿಸುವುದಿಲ್ಲ. ಉಳಿದದ್ದು ಕೊಡಲಿ. ಅದು ಕಟ್ಟಿಗೆಯನ್ನೂ ಒಡೆಯುತ್ತದೆ, ಜಾಲಿಕಂಟಿಯ ಬೇಲಿಯನ್ನೂ ಕಡಿಯುತ್ತದೆ, ಎರಡೂ ಆ ದಿನಗಳಲ್ಲಿ ನಿತ್ಯದ ಕೆಲಸಗಳೇ ಆಗಿರುತ್ತವೆ.

ಅಲಗು ಸಿಕ್ಕಿಕೊಳ್ಳುವ ತೊಂದರೆ ಬೇಗ ಬಗೆಹರಿಯಿತು. ಬುರುಡೆಯ ಬದಲಿಗೆ ತೊಯ್ದ ಗೋಣಿಚೀಲದಲ್ಲಿ ಸಿಪ್ಪೆಸಹಿತ ತೆಂಗಿನಕಾಯಿ ಕಟ್ಟಿ, ಹಿತ್ತಲ ಬೇವಿನ ಟೊಂಗೆಗೆ ನನ್ನ ತಲೆಯ ಎತ್ತರಕ್ಕೆ ನೇತುಹಾಕಿ ಹೊಡೆಯುತ್ತಿದ್ದೆ. ತೆಳುವಾದ ಚಪ್ಪಟೆ ಅಲಗು ಆಳಕ್ಕೆ ಹೋಗಿ ಎರಡೂ ಮಗ್ಗುಲಿಗೆ ಕಚ್ಚಿಕೊಂಡು ಬಿಡುತ್ತದೆ, ಅಲಗಿನ ಕೆನ್ನೆಗಳನ್ನು, ಅಂದರೆ ಎರಡೂ ಮಗ್ಗುಲುಗಳನ್ನು, ಉಬ್ಬಾಗಿ ತೇಯ್ದರೆ ಸೀಳನ್ನು ತಾನೇ ಅಗಲಿಸಿಕೊಂಡು ಹೊರಬರುತ್ತದೆ. ಕಟ್ಟಿಗೆ ಒಡೆಯುವ ಎಲ್ಲರಿಗೂ ಇದು ಗೊತ್ತಿರುವುದರಿಂದ ಹೆಚ್ಚು ಬರೆಯುವುದಿಲ್ಲ.

ನನ್ನನ್ನು ಹಣ್ಣು ಮಾಡಿದ್ದು ಕಾವು.

ಮೊದಲನೆಯ ಕಾವನ್ನು ಕಳೆದ ಜುಲೈನಲ್ಲಿ ಕೂರಿಸಿದ್ದೆ. ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯವರು ಜಾಲಿಯದೆಂದು ಹೇಳಿ ಕೊಟ್ಟದ್ದು ನೀಲಗಿರಿಯ ಕಟ್ಟಿಗೆ ಎಂಬುದು ಒಂದು ಮಗ್ಗುಲು ಹೆರೆದಾಗ ತಿಳಿಯಿತು. ಎಳೆಗಳು ಕಾವಿನ ಉದ್ದಕ್ಕೆ ಹರಿಯದೆ ಓರೆಯಾಗಿ ಹೊರಗೆ ಹೋಗಿದ್ದವು. ಜಾಲಿಯ ಬೆಲೆ ತೆಗೆದುಕೊಂಡು ನೀಲಗಿರಿ ಕೊಡುವುದು ಮೋಸ. ಪ್ರಾಣ ನೆಚ್ಚಬೇಕಾದ ಹತ್ಯಾರದ ವಿಷಯದಲ್ಲಿ ಅದನ್ನು ಸಣ್ಣ ಮೋಸವೆಂದು ಬಿಡಲು ನನಗೆ ಆಗುವುದಿಲ್ಲ. ಅದನ್ನು ಒಲೆಗೆ ಹಾಕಿ, ನಿಜವಾದ ಕರಿಜಾಲಿಯ ಕಾವು ಕೆತ್ತಿ, ಮೇಲಿನಿಂದ ಬೆಣೆ ಹೊಡೆದು ಬಿಗಿ ಮಾಡಿದೆ. ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಕಲ್ಲಿನಂತೆ ಕೂತಿತ್ತು. ಫೆಬ್ರುವರಿಯಲ್ಲಿ ಒಣಗಾಳಿ ಬೀಸತೊಡಗಿದ ಮೇಲೆ ಏಟಿನ ಸದ್ದು ಬದಲಾಯಿತು: ಒಂದೇ ಗಟ್ಟಿ ಸದ್ದಿನ ಬದಲು ಅದರ ಬೆನ್ನಿಗೇ ಇನ್ನೊಂದು ಸಣ್ಣ ಸದ್ದು. ಅದು ತಲೆ ಕಾವಿಗೆ ಬಡಿಯುವ ಸದ್ದೆಂದು ಅರ್ಥ ಮಾಡಿಕೊಳ್ಳದೆ ಮುಂದುವರಿಸಿದೆ. 143ನೆಯ ಏಟಿಗೆ ತಲೆ ಹಾರಿ, ಬೇವಿನ ಕೆಳಗಿದ್ದ ನೀರಿನ ಹರವಿಯನ್ನು ಒಡೆಯಿತು. ಅರೆಗಳಿಗೆ ಮೊದಲು ಅಕ್ಕನ ಮಗ ಅಲ್ಲಿಯೇ ನಿಂತು ನೀರು ಕುಡಿದು ಹೋಗಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ನಾನು ಹೊಡೆಯುವಾಗ ಹಿತ್ತಲ ಬಾಗಿಲಿಗೆ ಅಗಳಿ ಹಾಕಿರುತ್ತದೆ.

ಮಳೆಗಾಲದಲ್ಲಿ ಉಬ್ಬಿದ ಕಟ್ಟಿಗೆಯನ್ನು ಕೂರಿಸಿದ್ದೇ ತಪ್ಪು ಎಂದುಕೊಂಡು, ಎರಡನೆಯ ಕಾವನ್ನು ಒಣ ಹವೆಯಲ್ಲಿ, ಎಲುಬಿನಂತೆ ಒಣಗಿದ ಜಾಲಿಯಿಂದ ಮಾಡಿದೆ. ಒಣಗಿದ್ದನ್ನು ಕೂರಿಸಿದರೆ ಮಳೆಗೆ ಇನ್ನಷ್ಟು ಬಿಗಿಯಾದೀತೇ ಹೊರತು ಸಡಿಲವಾಗದು ಎಂಬ ಲೆಕ್ಕ ಯಾರಿಗಾದರೂ ಸರಿಯೆನಿಸುತ್ತದೆ. ಮುಂದಿನ ಮುಂಗಾರಿನವರೆಗೆ ಕಾಯಲಾರದೆ ಬಕೆಟ್ಟಿನ ನೀರಿನಲ್ಲಿ ಎರಡು ದಿನ ಇಟ್ಟು ತೆಗೆದೆ, ಬಿಗಿಯಾಗಿತ್ತು. ಒಣಗಿಸಿದೆ, ಸಡಿಲವಾಯಿತು. ಒದ್ದೆ ಕಾವೂ ಸೋತಿತು, ಒಣ ಕಾವೂ ಸೋತಿತು. ಮೂರನೆಯದಕ್ಕೆ ಒಂದು ವಾರ ಅಗಸೆ ಎಣ್ಣೆ ಕುಡಿಸಿದೆ. ಎಣ್ಣೆ ತೇವದ ಓಡಾಟವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ನಾಲ್ಕನೆಯದಕ್ಕೆ ಕಬ್ಬಿಣದ ಬೆಣೆ ಹೊಡೆಯಲು ಹೋಗಿ ಕಾವಿನ ಎದೆಯೇ ಸೀಳಿತು.

ಆಗ ಎರಡನೆಯ ಕಾವಿನ ತುದಿಯನ್ನು ಗರಗಸದಿಂದ ಉದ್ದಕ್ಕೆ ಕೊಯ್ದು ನೋಡಿದೆ. ಕಬ್ಬಿಣದ ಕಣ್ಣಿನೊಳಗೆ, ಅಂದರೆ ತಲೆಯಲ್ಲಿ ಕಾವು ತೂರುವ ತೂತಿನೊಳಗೆ, ಕೂತಿದ್ದ ಭಾಗದ ಹೊರಮೈ ಉಗುರಿನಷ್ಟು ದಪ್ಪಕ್ಕೆ ಕಪ್ಪಾಗಿ, ಉಜ್ಜಿದ ಹುಣಸೆಬೀಜದಂತೆ ಹೊಳೆಯುತ್ತಿತ್ತು. ಅದರ ಒಳಗಿನ ಕಟ್ಟಿಗೆ ಮಾತ್ರ ಕೆಂಪಗೆ, ಎಳೆ ಎಳೆಯಾಗಿ, ಮೊದಲಿನಂತೆಯೇ ಇತ್ತು. ಕಾರಣ ಅಲ್ಲಿಯೇ ಕಣ್ಣಿಗೆ ಬಿತ್ತು. ನೀರು ಕುಡಿದ ಕಟ್ಟಿಗೆ ಅಡ್ಡಕ್ಕೆ ಉಬ್ಬಬೇಕು, ಕಬ್ಬಿಣದ ಕಣ್ಣು ಒಂದಿನಿತೂ ಜಾಗ ಕೊಡುವುದಿಲ್ಲ. ಹೊರಗೆ ಹೋಗಲಾರದ ಉಬ್ಬು ತನ್ನ ಎಳೆಗಳನ್ನೇ ಒಳಕ್ಕೆ ಜಜ್ಜುತ್ತದೆ. ಒಣಗಿದಾಗ ಕಟ್ಟಿಗೆ ಕುಗ್ಗುವುದು ತನ್ನ ಹಳೆಯ ಅಳತೆಗಲ್ಲ, ಜಜ್ಜಿಹೋದ ಅಳತೆಗಿಂತಲೂ ಕೆಳಗೆ. ಸಡಿಲವಾದ ಕೊಡಲಿಯನ್ನು ರಾತ್ರಿ ನೀರಿನಲ್ಲಿಡುವ ನಮ್ಮ ಊರುಗಳ ರೂಢಿ ಮರುದಿನದ ಕೆಲಸಕ್ಕೆ ಸರಿ, ಆದರೆ ಪ್ರತಿ ನೆನೆತವೂ ಇನ್ನೊಂದಿಷ್ಟು ಎಳೆಗಳನ್ನು ಜಜ್ಜಿ ಮುಂದಿನ ಸಡಿಲಿಕೆಯನ್ನು ಹೆಚ್ಚಿಸುತ್ತದೆ. ಬೆಣೆ ಇರುವವರೆಗೆ, ಕಣ್ಣು ನೇರವಾಗಿರುವವರೆಗೆ, ಕಟ್ಟಿಗೆ ಯಾವುದೇ ಆಗಿರಲಿ, ಇದರಿಂದ ಪೂರ್ತಿ ಬಿಡುಗಡೆ ಇಲ್ಲ.

ಕೊಯ್ದ ತುಂಡನ್ನು ಅಮ್ಮಿನಬಾವಿ ದಾರಿಯಲ್ಲಿ ಕುಲುಮೆ ಇಟ್ಟುಕೊಂಡಿರುವ ಕಂಬಾರ ಕಾಕಾನ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಹೊಳೆಯುವ ಭಾಗದ ಮೇಲೆ ಹೆಬ್ಬೆರಳು ಆಡಿಸಿ, "ತಮ್ಮಾ, ಪಿಕಾಸಿಗೆ ಯಾರರೆ ಬೆಣಿ ಹೊಡದದ್ದು ನೋಡೀಯೇನು?" ಎಂದರು.

"ಇಲ್ಲ ಕಾಕಾ."

"ಮತ್ತ ಅದರ ತಲಿ ಯಾಕ ಹಾರೂದಿಲ್ಲ? ಕಾವು ಮ್ಯಾಲಿಂದ ಇಳದಿರತೈತಿ. ಹೊಡದಂಗ ಹೊಡದಂಗ ಬಿಗಿ ಆಕ್ಕೊಂತ ಹೋಗತೈತಿ."

ಹುಬ್ಬಳ್ಳಿಯ ರೈಲು ಹಳಿಗಳ ಮೇಲೆ ಜಲ್ಲಿ ಬಡಿಯುವವರ ಕೈಯಲ್ಲಿ ಇದನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ, ಆದರೂ ಕೊಡಲಿಗೆ ಹೊಂದಿಸಿ ಯೋಚಿಸಿರಲಿಲ್ಲ. ಪಿಕಾಸಿಯ ಕಣ್ಣು ಕೆಳಗೆ ಕಿರಿದು, ಮೇಲೆ ಅಗಲ. ಕಾವಿನ ಮೇಲ್ತುದಿ ದಪ್ಪ, ಹಿಡಿಯುವ ಕಡೆ ತೆಳು. ಬೀಸಿದಾಗ ತಲೆ ಹೊರಕ್ಕೆ ಓಡಲು ನೋಡುತ್ತದೆ, ಓಡಿದಷ್ಟೂ ದಪ್ಪ ಭಾಗಕ್ಕೆ ಸಿಕ್ಕಿ ತಾನೇ ಬಿಗಿದುಕೊಳ್ಳುತ್ತದೆ. ಕಟ್ಟಿಗೆ ಕುಗ್ಗಿದರೆ ತಲೆ ಒಂದೆರಡು ಮಿಲಿಮೀಟರ್ ಮೇಲಕ್ಕೆ ಸರಿದು ಹೊಸ ಜಾಗದಲ್ಲಿ ಕೂರುತ್ತದೆ. ಮೇಲೆ ಹೇಳಿದ 4 ಮಿಲಿಮೀಟರ್ ಇದೇ.

ಗುಜರಿಯಲ್ಲಿ ಒಂದು ಮಗ್ಗುಲು ಸವೆದ ಹಳೆಯ ಪಿಕಾಸಿ ಸಿಕ್ಕಿತು. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ತರಿಸಿದ ಹೊಸ ಪಿಕಾಸಿಯ ಕಣ್ಣು ವಕ್ರವಾಗಿತ್ತು, ದಪ್ಪ ಕಪ್ಪು ಬಣ್ಣದ ಕೆಳಗೆ ಎರಕದ ಗುಳ್ಳೆಗಳಿದ್ದವು. ಬಣ್ಣ ಕೆರೆದ ಕಾರಣ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ಕೆರೆಯದೆ ಗುಳ್ಳೆ ಕಾಣುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಹಳೆಯದರ ಒಂದು ತೋಳನ್ನು ನಾಲ್ಕು ಇಂಚಿಗೆ ಕತ್ತರಿಸಿ ಮೊನೆ ಉಳಿಸಿದೆವು, ಇನ್ನೊಂದನ್ನು ಕಾಕಾ ಕಾಸಿ ಬಡಿದು ಮೂರು ಇಂಚಿನ ಬಾಯಿಯ ಕೊಡಲಿ ಮಾಡಿದರು. ಹದ ಹಾಕುವಾಗ ಬಾಯಿಯ ಎರಡು ಇಂಚನ್ನು ಮಾತ್ರ ಎಣ್ಣೆಯಲ್ಲಿ ಅದ್ದಿ, ಕಣ್ಣಿನ ಸುತ್ತಲಿನ ಕಬ್ಬಿಣವನ್ನು ಮೆತ್ತಗೆ ಬಿಟ್ಟೆವು. ಅಲ್ಲಿ ಗಡಸುತನ ಬಂದರೆ ಏಟಿಗೆ ಬಿರಿಯುತ್ತದೆ. ತಲೆ 1.1 ಕಿಲೋ, ಕಾವು 75 ಸೆಂಟಿಮೀಟರ್. ಕಾವಿನ ದಪ್ಪ ತುದಿಯನ್ನು ಕಣ್ಣಿಗೆ ಹೊಂದಿಸುವುದಕ್ಕೇ ಎರಡು ಭಾನುವಾರ ಹೋದವು. ಕಣ್ಣಿಗೆ ಮಸಿ ಹಚ್ಚಿ, ಕಾವು ಇಳಿಸಿ, ಹೊರತೆಗೆದು, ಮಸಿ ಹತ್ತಿದ ಕಡೆ ಮಾತ್ರ ಹೆರೆದು, ಮತ್ತೆ ಇಳಿಸಬೇಕು. ಸುತ್ತಲೂ ಒಂದೇ ಸಮನೆ ಮಸಿ ಹತ್ತಿದ ದಿನ ನನಗಾದ ಸಂತೋಷವನ್ನು ಮನೆಯವರೆಲ್ಲ ನೋಡಿದ್ದಾರೆ.

ಬುರುಡೆಯಲ್ಲಿ ಅಲಗು ಸಿಕ್ಕಿಕೊಂಡರೆ ಕಾವು ಹಿಡಿದು ಜಗ್ಗುವುದೂ ತಲೆಯನ್ನು ಬಿಗಿ ಮಾಡುವ ದಿಕ್ಕಿಗೇ ಆಗುತ್ತದೆ. ಕಾವು ಮುರಿದರೆ ಹೊಲದ ಬದುವಿನ ಜಾಲಿಯಿಂದ ಇನ್ನೊಂದು ಕೆತ್ತಿ ಇಳಿಸಿದರಾಯಿತು, ಬೆಣೆ, ಮೊಳೆ, ಅಂಟು ಯಾವುದೂ ಬೇಡ. ಅಂಗಡಿಗಳು ತೆರೆಯದ ಕಾಲಕ್ಕೆ ಆಯುಧ ಆರಿಸುವವರು ಅಲಗಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ ಎಂದು ನಾನು ಈಗ ನಂಬುತ್ತೇನೆ. "ಕೊಡಲಿ ಕಾವು ಕುಲಕ್ಕೆ ಸಾವು" ಎಂದು ಹಿರಿಯರು ಮರದ ಪರವಾಗಿ ಮರುಗಿದ್ದಾರೆ. ಎದುರಿಗೆ ಬರುವವರು ನಿನ್ನೆಯವರೆಗೆ ನಮ್ಮ ಓಣಿಯವರೇ ಆಗಿದ್ದವರು ಎಂದು ನೆನೆದಾಗ ಆ ಮಾತು ನನ್ನ ಕೈಯನ್ನೂ ಒಂದು ಕ್ಷಣ ತಡೆಯುತ್ತದೆ.

ಇನ್ನು ಮುಂದಿನ ಕೆಲಸ ಕಣ್ಣ ಮುಂದಿದೆ: ಮುಂಗೈ ಕವಚ. ಅವ್ವ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಾಗ ಅಂಚಿನ ಒಂದು ಭಾಗವನ್ನು ಹಲ್ಲಿನಿಂದ ಕಚ್ಚಿ ನೋಡಿದೆ. ಎಂಟು ಪದರ ದಾಟಿ ಹಲ್ಲು ಇಳಿಯಲಿಲ್ಲ. ಒತ್ತೊತ್ತಾಗಿ ಹಾಕಿದ ಆ ಸಣ್ಣ ಹೊಲಿಗೆಗಳು ಪದರಗಳನ್ನು ಜಾರಲು ಬಿಡುವುದಿಲ್ಲ. ಹತ್ತಿ ತುಂಬಿ ಹೊಲಿದ ಅಂಗಿಯನ್ನು ಹಿಂದಿನ ಸೈನಿಕರು ಕವಚವಾಗಿ ತೊಟ್ಟದ್ದೂ ಇದೇ ಕಾರಣಕ್ಕೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಹನ್ನೆರಡು ಪದರದ ಒಂದು ಜೋಡಿ ಹೊಲಿದುಕೊಡಲು ಅವ್ವ ಒಪ್ಪಿದ್ದಾಳೆ. ಬೇಸಿಗೆಯ ಸೆಕೆಯಲ್ಲಿ ಅದನ್ನು ಎಷ್ಟು ಹೊತ್ತು ತೊಟ್ಟಿರಬಹುದೆಂದು ನಾನೇ ತೊಟ್ಟು ನೋಡಬೇಕು.

ಕೊಡಲಿಯಲ್ಲಿ ಒಂದು ಕೊರತೆ ಉಳಿದಿದೆ. ಕಾವಿನ ಮೇಲ್ತುದಿಯಿಂದ ನೇರವಾಗಿ ಎದೆಗೆ ತಿವಿದಾಗ ತಲೆ ಕೈಯ ಕಡೆಗೆ ಜಾರುತ್ತದೆ, ಏಕೆಂದರೆ ಆ ದಿಕ್ಕಿಗೆ ಇದನ್ನು ಹಿಡಿದಿಡುವುದು ಏನೂ ಇಲ್ಲ. ಹತ್ತು ತಿವಿತಕ್ಕೆ ಒಮ್ಮೆ ಕೊಡಲಿಯನ್ನು ತಲೆಕೆಳಗಾಗಿ ಹಿಡಿದು ಕಾವಿನ ಮೇಲ್ತುದಿಯನ್ನು ಕಲ್ಲಿಗೆ ಕುಟ್ಟಿ ಮತ್ತೆ ಬಿಗಿ ಮಾಡಬೇಕಾಗುತ್ತಿದೆ. ತಲೆಯ ಕೆಳಗೆ ಎಮ್ಮೆಯ ತೊಗಲಿನ ಪಟ್ಟಿಯನ್ನು ಒದ್ದೆಯಾಗಿರುವಾಗಲೇ ಸುತ್ತಿ ಒಣಗಲು ಬಿಟ್ಟಿದ್ದೇನೆ. ಇಂದು ಮಧ್ಯಾಹ್ನ ಮೊದಲ ಮಳೆ ಬಂದದ್ದರಿಂದ ಅದನ್ನು ಮಾಳಿಗೆಯಿಂದ ಇಳಿಸಿ ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೂಟಕ್ಕೆ ತೂಗುಹಾಕಿದ್ದೇನೆ.