ಎಚ್ ಇಲ್ಲದ ಶೋಭಾ

ಬದಿಯಡ್ಕ, ಕಾಸರಗೋಡು, 2025 ಜುಲೈ 14, ಸೋಮವಾರ

ಬೆಳಗ್ಗಿನಿಂದ ಬಿಡದ ಮಳೆ. ಅಡಿಕೆಗೆ ಮದ್ದು ಬಿಡುವವರು ಇವತ್ತೂ ಬರಲಿಲ್ಲ. ಇವರು ಜಗಲಿಯಲ್ಲಿ ಕೂತು ಮೋಡಕ್ಕೆ ಬೈಯುತ್ತಿದ್ದರು. ನಾನು ಶಾಲೆಗೆ ರಜೆ ಹಾಕಿ, ಒಳಗೆ ಫೋನ್ ಹಿಡಿದುಕೊಂಡು ನನ್ನ ಹೆಸರಿಗೇ ಬೈಯುತ್ತಿದ್ದೆ.

ಮಗಳಿಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿದೆ. ಫೀಸಿನ ಮೊದಲ ಕಂತು ಈ ತಿಂಗಳು 31ರೊಳಗೆ ಕಟ್ಟಬೇಕು. ಶಿಕ್ಷಣ ಸಾಲಕ್ಕೆ ಅವಳ ಜೊತೆ ನಾನೂ ಸಹಿ ಹಾಕಬೇಕು, ತಿಂಗಳ ಸಂಬಳ ಬರುವವಳು ನಾನೇ ಅಲ್ವಾ. ಶುಕ್ರವಾರ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕಂಪ್ಯೂಟರ್ ನೋಡಿ ಸ್ವರ ತಗ್ಗಿಸಿದರು. "ಟೀಚರೇ, ಸಿಬಿಲ್ ಸ್ವಲ್ಪ ಕಮ್ಮಿ ಉಂಟಲ್ಲ." ಸಾಲದ ಕಂತು ಸರಿಯಾಗಿ ಕಟ್ಟುತ್ತೇವಾ ಅಂತ ನೋಡಿ ಕೊಡುವ ಅಂಕ ಅದು. ನನ್ನದು 634 ಅಂತೆ. 900ಕ್ಕೆ 634 ಅಂದರೆ ನಮ್ಮ ಶಾಲೆಯಲ್ಲಿ ಫಸ್ಟ್ ಕ್ಲಾಸು! ಆದರೆ ಈ ಲೆಕ್ಕ ಶುರುವಾಗುವುದೇ 300ರಿಂದ. ಪಕ್ಕದ ಕುರ್ಚಿಯಲ್ಲಿ ನನ್ನ ಹಳೆ ವಿದ್ಯಾರ್ಥಿಯೊಬ್ಬನ ಅಪ್ಪ ಕೂತಿದ್ದರು. ಅವರು ಪಾಪ, ಕೇಳದವರ ಹಾಗೆ ಗೋಡೆ ನೋಡಿದರು.

ನಾನು ಈವರೆಗೆ ಮಾಡಿದ ಸಾಲ ಎರಡು. ಒಂದು ಸ್ಕೂಟರಿಗೆ, ಅದು 2019ರಲ್ಲೇ ಮುಗಿಯಿತು. ಇನ್ನೊಂದು ಮನೆಗೆ. ಒಂದು ಕಂತೂ ತಪ್ಪಿಸಿದ್ದಿಲ್ಲ. ಮತ್ತೆ 634 ಎಲ್ಲಿಂದ ಬಂತು?

ಆ ಅಂಕದ ಹಿಂದಿನ ಸಾಲಗಳ ವರದಿ ತೆಗೆದು ನೋಡಿದರೆ ಅಂಕ ಇನ್ನೂ ಇಳಿಯುತ್ತದೆ ಅಂತ ಇವರಿಗೆ ಹೆದರಿಕೆ. ಹಾಗೇನಿಲ್ಲ. ನಮ್ಮ ವರದಿ ನಾವು ನೋಡಿದರೆ ಅಂಕಕ್ಕೆ ಏನೂ ಆಗುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ನೋಡುತ್ತಾರಲ್ಲ, ಅದು ಮಾತ್ರ ಲೆಕ್ಕಕ್ಕೆ ಬರುವುದು. ಎಲ್ಲರ ಸಾಲದ ಲೆಕ್ಕ ಇಟ್ಟು ಈ ವರದಿ, ಅಂಕ ಕೊಡುವ ಕಂಪನಿಗಳು ದೇಶದಲ್ಲಿ ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಯಾವುದೇ ವನಸ್ಪತಿ ಇದ್ದರೂ ಡಾಲ್ಡಾ ಅನ್ನುವ ಹಾಗೆ ನಾವು ನಾಲ್ಕಕ್ಕೂ ಸಿಬಿಲ್ ಅನ್ನುತ್ತೇವೆ. ಒಂದೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ನಿನ್ನೆ ರಾತ್ರಿ ಒಂದನ್ನು ಇಳಿಸಿಕೊಂಡೆ.

ನನ್ನ ವಿಳಾಸ ಅಂತ ಅದರಲ್ಲಿ ಮೂರು ಇದ್ದವು. ಒಂದು ತವರುಮನೆ, ಒಂದು ಈ ಮನೆ. ಮೂರನೆಯದು ಪಯ್ಯನ್ನೂರು. ರೈಲಿನ ಕಿಟಕಿಯಿಂದ ಮಾತ್ರ ನೋಡಿದ ಊರು! ಕೆಳಗೆ ಹೋದರೆ ನಾನು ಕಾಣದ ಒಂದು ಸಾಲ. 2022ರ ಡಿಸೆಂಬರಿನಲ್ಲಿ, 18,490 ರೂಪಾಯಿ. ಮೊಬೈಲೋ ಫ್ರಿಜ್ಜೋ ಏನೋ ಕಂತಿನಲ್ಲಿ ತೆಗೆದದ್ದಿರಬೇಕು. ಪ್ರತಿ ತಿಂಗಳಿಗೂ ಒಂದು ಪುಟ್ಟ ಚೌಕ, ಅದರೊಳಗೆ ಕಂತು ಎಷ್ಟು ದಿನ ತಡ ಅನ್ನುವ ಸಂಖ್ಯೆ. ಸರಿಯಾಗಿ ಕಟ್ಟಿದ್ದರೆ 000. ನನ್ನ ಮನೆ ಸಾಲದ ಸಾಲಿನಲ್ಲಿ ಬರೀ ಸೊನ್ನೆ, ಮಣಿ ಪೋಣಿಸಿದ ಹಾಗೆ. ಆ ಕಾಣದ ಸಾಲದ್ದು ನಾಲ್ಕು ಸೊನ್ನೆ ಚೌಕ ಆದ ಮೇಲೆ 030, 061, 091 ಅಂತ ಏರುತ್ತಾ ಹೋಗಿದೆ.

ಹೆಸರು ನೋಡಿದೆ. ಶೋಭಾ ಕೆ. ನಾನೇ. ಆದರೆ ಇಂಗ್ಲಿಷಿನಲ್ಲಿ ಎಸ್ ಆದ ಮೇಲೆ ಎಚ್ ಇಲ್ಲ. ಮಲಯಾಳದವರು ಹೆಚ್ಚಾಗಿ ಹಾಗೇ ಬರೆಯುವುದು. ನನ್ನ ಪ್ಯಾನ್ ಕಾರ್ಡಿನಲ್ಲಿ ಎಚ್ ಉಂಟು. ರೇಷನ್ ಕಾರ್ಡಿನಲ್ಲಿ ಇಲ್ಲ. ಗಡಿನಾಡಿನಲ್ಲಿ ಹುಟ್ಟಿದರೆ ಒಬ್ಬಳೇ ಇಬ್ಬರಾಗುವುದು ಹೀಗೆ. ಸರಿ ಮಾಡಿಸೋಣ ಅಂತ ವರ್ಷಗಟ್ಟಲೆ ಸುಮ್ನೆ ಮುಂದೆ ಹಾಕಿದ್ದು ನನ್ನದೇ ತಪ್ಪು.

ಇವತ್ತು ಮೊದಲು ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗ ತೆಗೆದ. ಪ್ಯಾನ್ ನಂಬರ್ ಹೇಳಿದೆ.

"ಈ ಪ್ಯಾನ್ ನಮ್ಮಲ್ಲಿ ಇಲ್ಲ ಮೇಡಂ."

"ಹಾಗಾದರೆ ಸಾಲ ನನ್ನದಲ್ಲ ಅಂತಾಯಿತಲ್ಲ?"

"ಹೆಸರು ನಿಮ್ಮದೇ ಅಲ್ವಾ ಮೇಡಂ."

ಇಪ್ಪತ್ತು ನಿಮಿಷ ಇದೇ. ಕೊನೆಗೆ ದೂರು ಮಿಂಚಂಚೆಯಲ್ಲಿ ಕಳುಹಿಸಿ ಅಂದ. ಪ್ಯಾನ್, ಆಧಾರ್ ಎರಡರ ಪ್ರತಿ ಸೇರಿಸಿ ಕಳುಹಿಸಿದೆ.

ಆಮೇಲೆ ವರದಿ ಕೊಟ್ಟ ಕಂಪನಿಯ ಜಾಲತಾಣದಲ್ಲಿ ಆ ಸಾಲದ ಮೇಲೆ ಒತ್ತಿ, 'ಈ ಖಾತೆ ನನ್ನದಲ್ಲ' ಎಂದು ತಕರಾರು ಹಾಕಿದೆ. ಪಯ್ಯನ್ನೂರಿನ ವಿಳಾಸಕ್ಕೆ ಬೇರೆಯೇ ತಕರಾರು. ದುಡ್ಡೇನೂ ಇಲ್ಲ. ಆದರೆ ಈ ಕಂಪನಿಯವರು ತಾವಾಗಿ ಒಂದು ಅಕ್ಷರವನ್ನೂ ಅಳಿಸುವ ಹಾಗಿಲ್ಲ. ಸಾಲ ಕೊಟ್ಟವರನ್ನು ಕೇಳಬೇಕು, ಅವರು ಹೌದು ಅಂದ ಮೇಲೆಯೇ ತಿದ್ದುವುದು. ಎರಡೂ ಕಡೆ ದೂರು ಕೊಟ್ಟದ್ದು ಅದಕ್ಕೇ.

ಎಲ್ಲ ಸೇರಿ 30 ದಿನದೊಳಗೆ ಮುಗಿಸಬೇಕು, ಅದರಲ್ಲಿ ಸಾಲ ಕೊಟ್ಟವರ ಪಾಲು 21 ದಿನ. ತಡವಾದರೆ ದಿನಕ್ಕೆ 100 ರೂಪಾಯಿ ನಮಗೆ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಆಗಲೂ ಆಗದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ದೂರು. ಮೂರು ಸಾವಿರ ಕೊಟ್ಟರೆ ಒಂದೇ ವಾರದಲ್ಲಿ ಸಿಬಿಲ್ ಸರಿ ಮಾಡಿಸುವ ಜನ ಗೊತ್ತುಂಟು ಅಂತ ಭಾವ ಸಂಜೆ ಫೋನ್ ಮಾಡಿದ್ದ. ನನ್ನ ಪ್ಯಾನು, ಒಟಿಪಿ ಎಲ್ಲ ಯಾರದೋ ಕೈಗೆ ಕೊಟ್ಟು, ಮೇಲಿಂದ ದುಡ್ಡನ್ನೂ ಕೊಡಬೇಕಾ? ಬೇಡ ಅಂದೆ.

30 ದಿನ ಅಂದರೆ ಆಗಸ್ಟ್ 13. ಫೀಸಿಗೆ ಗಡುವು ಜುಲೈ 31. ಅಟ್ಟದಲ್ಲಿರುವ ಹಳೆ ಅಡಿಕೆ ಕೊಟ್ಟು ಮೊದಲ ಕಂತು ಕಟ್ಟುವ ಅಂತ ಇವರು ಹೇಳಿದರು. ರೇಟು ಇನ್ನೂ ಏರುತ್ತದೆ ಅಂತ ಕಾಯುತ್ತಿದ್ದ ಅಡಿಕೆ ಅದು. ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪಯ್ಯನ್ನೂರಿನ ಶೋಭಾಳಿಗೆ ಏನಾಯಿತೋ. ಐದನೇ ತಿಂಗಳಿಗೇ ಕಂತು ನಿಂತಿದೆ. ಕೆಲಸ ಹೋಯಿತೋ, ಆಸ್ಪತ್ರೆಯೋ. ಮಧ್ಯಾಹ್ನ ಅವಳ ಮೇಲೆ ಸಿಟ್ಟಿತ್ತು, ಈಗ ಇಲ್ಲ. ಅವಳ ವರದಿಯಲ್ಲಿ ನನ್ನ ಸೊನ್ನೆಗಳೇನಾದರೂ ಹೋಗಿ ಕೂತಿವೆಯಾ?

ಸಾಲ ಕೊಟ್ಟವರು ನಾಲ್ಕೂ ಕಂಪನಿಗಳಿಗೆ ಲೆಕ್ಕ ಕಳುಹಿಸಬೇಕು. ಹಾಗಾಗಿ ನನ್ನ ಉಳಿದ ಮೂರು ವರದಿಗಳಲ್ಲೂ ಇವಳು ಇರಬಹುದು. ಎರಡನೆಯ ಕಂಪನಿಯ ವರದಿಗೆ ಒಟಿಪಿ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಫೋನಿನಲ್ಲಿ ಚಾರ್ಜ್ ಶೇಕಡಾ 9.