ಜಪಾನಿನಲ್ಲಿ ಮಗುವಿನ ಜೊತೆ: ಉತ್ತರ ಅರ್ಥವಾಗುವಂಥ ಪ್ರಶ್ನೆಗಳು

ಪುಸ್ತಕ ನೋಡಿ ಒಂದು ಜಪಾನಿ ಪ್ರಶ್ನೆ ಬಾಯಿಪಾಠ ಮಾಡುವುದು ಸುಲಭ. ಅದಕ್ಕೆ ಹೋಟೆಲಿನವರು ಸರಸರ ನಾಲ್ಕು ವಾಕ್ಯದ ಉತ್ತರ ಕೊಟ್ಟರೆ? ಪಕ್ಕದಲ್ಲಿ ಹಸಿದ ಮಗು ಅಂಗಿ ಜಗ್ಗುತ್ತಿರುತ್ತದೆ. ಹಾಗಾಗಿ ಹೌದು-ಇಲ್ಲ, ಒಂದು ಸಂಖ್ಯೆ, ಇಲ್ಲವೇ ಕೈತೋರಿಸುವುದು, ಈ ಮೂರರಲ್ಲಿ ಉತ್ತರ ಮುಗಿಯುವ ಪ್ರಶ್ನೆಗಳನ್ನೇ ಕಲಿಯಿರಿ. ‘ಇದನ್ನು ಹೇಗೆ ಮಾಡುತ್ತೀರಿ?’ ಬೇಡ, ‘ಇದರಲ್ಲಿ ಮೊಟ್ಟೆ ಇದೆಯಾ?’ ಸಾಕು.

‘ಕೊರೆ ನಿ ತಮಗೊ ಹೈತ್ತೆ ಇಮಸ್ ಕ?’ ಕೊರೆ ನಿ ಅಂದರೆ ಇದರಲ್ಲಿ, ತಮಗೊ ಮೊಟ್ಟೆ, ಹೈತ್ತೆ ಇಮಸ್ ಸೇರಿದೆ, ಕೊನೆಯ ‘ಕ’ ಪ್ರಶ್ನೆಗೆ. ಪದಗಳ ಸಾಲು ಥೇಟ್ ಕನ್ನಡದ್ದೇ. ಇಂಗ್ಲಿಷಿನಲ್ಲಿ ಯೋಚಿಸಿ ಕಲಿಯಲು ಹೊರಟರೆ ಸುಮ್ಮನೆ ತಿರುಗುಮುರುಗು. ‘ಮೊಟ್ಟೆ ಹಾಕಿಲ್ವಾ?’ ಎಂದು ಕೇಳಿದಾಗ ಬರುವ ‘ಹೈ’ ಕೂಡ ನಮ್ಮ ‘ಹೂಂ, ಹಾಕಿಲ್ಲ’ ಇದ್ದಂತೆ. ಆದರೆ ನೀವು ಮಾತಾಡುತ್ತಿರುವಾಗ ನಡುನಡುವೆ ಬರುವ ‘ಹೈ, ಹೈ’ ಬರೀ ಹೂಂಗುಟ್ಟುವುದು. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ‘ಚೊತ್ತೊ...’ ಎಂದು ರಾಗ ಎಳೆದರೆ ಆಗುವುದಿಲ್ಲವೆಂದೇ ಲೆಕ್ಕ. ಎರಡೂ ಕೈಗಳನ್ನು ಎದೆಯೆದುರು ಗುಣಾಕಾರದ ಗುರುತಿನಂತೆ ಅಡ್ಡ ಹಿಡಿದರಂತೂ ಖಂಡಿತ ಇಲ್ಲ.

ಸಸ್ಯಾಹಾರಿಗಳು ಎಡವುವುದು ದಶಿಯಲ್ಲಿ. ಉದೊನ್ (ಗೋಧಿಯ ದಪ್ಪ ನೂಡಲ್ಸ್), ಮಿಸೊ (ಹುದುಗಿಸಿದ ಸೋಯಾ) ಸೂಪು, ಬೇಯಿಸಿದ ತರಕಾರಿ, ಎಲ್ಲಕ್ಕೂ ಒಣಮೀನಿನ ಈ ತಿಳಿಸಾರು ಬೀಳಬಹುದು. ‘ನಿಕು’, ಅಂದರೆ ಮಾಂಸ, ಇದೆಯಾ ಎಂದಷ್ಟೇ ಕೇಳಿದರೆ ಪ್ರಾಮಾಣಿಕವಾಗಿಯೇ ಇಲ್ಲ ಅನ್ನುತ್ತಾರೆ, ಏಕೆಂದರೆ ಮೀನು ಅದರಲ್ಲಿ ಬರುವುದಿಲ್ಲ. ನಿಕು, ಸಕನ (ಮೀನು), ತಮಗೊ, ದಶಿ, ನಾಲ್ಕನ್ನೂ ಜಪಾನಿ ಲಿಪಿಯಲ್ಲಿ ದೊಡ್ಡದಾಗಿ ಬರೆದ ಚೀಟಿ ಇಟ್ಟುಕೊಳ್ಳಿ. ಮಗುವಿಗೆ ಅಲರ್ಜಿ ಇದ್ದರೆ ಆ ಚೀಟಿಯನ್ನು ಆ್ಯಪ್‌ನಿಂದ ಮಾಡಿಸದೆ ಜಪಾನಿ ಬಲ್ಲವರಿಂದ ಬರೆಸಿ. ಪ್ಯಾಕೆಟ್ ತಿನಿಸಿನ ಮೇಲೆ ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ ಮುಂತಾದವನ್ನು ನಮೂದಿಸುವುದು ಅಲ್ಲಿ ಕಡ್ಡಾಯ. ಹೋಟೆಲಿಗೆ ಆ ಕಡ್ಡಾಯವಿಲ್ಲ.

ಲಿಪಿಯಲ್ಲಿ ಮೊದಲು ಕತಕನ ಕಲಿಯಿರಿ. ಮೂಲಾಕ್ಷರ 46, ದಿನಕ್ಕೆ ಐದರಂತೆ ಹತ್ತು ದಿನದ ಕೆಲಸ. ಹೊರಗಿನಿಂದ ಬಂದ ಪದಗಳಿಗೆ ಬಳಸುವುದು ಇದನ್ನೇ, ಆದ್ದರಿಂದ ಮೆನುವಿನಲ್ಲಿ ಜೂಸು, ಐಸುಕುರೀಮು ಓದಲು ಬಂದುಬಿಡುತ್ತದೆ. ಅಕ್ಷರಮಾಲೆಯ ಕ್ರಮ ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ ಬಂದದ್ದು: ಅ ಇ ಉ ಎ ಒ, ಕ ಕಿ ಕು ಕೆ ಕೊ. ಕಾಗುಣಿತ ಬಲ್ಲ ಮಗು ಅಪ್ಪ ಅಮ್ಮನಿಗಿಂತ ಬೇಗ ಹಿಡಿದರೆ ಆಶ್ಚರ್ಯವಿಲ್ಲ. ಜಪಾನಿನದೇ ಪದಗಳಿಗೆ ಬಳಸುವ ಇನ್ನೊಂದು ಅಕ್ಷರಮಾಲೆ ಹಿರಗನ, ಅದರ ಅಭ್ಯಾಸಕ್ಕೆ ರೈಲು ನಿಲ್ದಾಣದ ಫಲಕಗಳಿವೆ. ಊರ ಹೆಸರಿನ ಜೊತೆ ಇಂಗ್ಲಿಷ್ ಅಕ್ಷರವೂ ಇರುವುದರಿಂದ ತಾಳೆ ನೋಡಬಹುದು.

ಕಲಿತದ್ದನ್ನು ಕನ್ನಡದಲ್ಲೇ ಬರೆದಿಡಿ. ಒಜಿಸನ್ ಅಂದರೆ ಚಿಕ್ಕಪ್ಪ-ಮಾವ, ಒಜೀಸನ್ ಅಂದರೆ ಅಜ್ಜ. ಇಂಗ್ಲಿಷ್ ಬರಹದಲ್ಲಿ ಎಷ್ಟೋ ಸಲ ಮಾಯವಾಗುವ ಈ ದೀರ್ಘ ನಮ್ಮಲ್ಲಿ ಉಳಿಯುತ್ತದೆ. ಒತ್ತಕ್ಷರವೂ ಅಷ್ಟೇ.

ಮಗುವನ್ನು ಕಂಡವರೆಲ್ಲ ಕೇಳುವುದು ‘ನನ್‌ಸೈ?’, ಎಷ್ಟು ವರ್ಷ? ಐದಾದರೆ ಗೊಸೈ, ಆರಾದರೆ ರೊಕುಸೈ, ಎಂಟಾದರೆ ಹಸ್ಸೈ. ಇದೊಂದು ಉತ್ತರ ಮಗುವಿನ ಬಾಯಲ್ಲೇ ಬರಲಿ. ಅದಕ್ಕಿಂತ ಹೆಚ್ಚು ದುಭಾಷಿ ಕೆಲಸ ಹೊರಿಸಿದರೆ ಮಗು ಬಾಯಿಯನ್ನೇ ಬಿಡುವುದಿಲ್ಲ. ರೈಲಿನಲ್ಲಿ ಸಾಮಾನ್ಯವಾಗಿ 6ರಿಂದ 11 ವರ್ಷಕ್ಕೆ ಅರ್ಧ ಟಿಕೆಟ್. ‘ಒತೊನ ನಿಮೈ, ಕೊದೊಮೊ ಇಚಿಮೈ’, ದೊಡ್ಡವರದು ಎರಡು, ಮಕ್ಕಳದು ಒಂದು.

ಫೋನಿನ ಅನುವಾದಕ್ಕೆ ಜಪಾನಿ ಭಾಷೆಯನ್ನು ಮೊದಲೇ ಇಳಿಸಿಕೊಳ್ಳಿ. ಕನ್ನಡದಲ್ಲಿ ನಾವು ಕರ್ತೃವನ್ನು ನುಂಗಿಬಿಡುತ್ತೇವೆ: ‘ರಾತ್ರಿಯಿಂದ ವಾಂತಿ’. ಯಾರಿಗೆಂದು ಯಂತ್ರ ತನಗೆ ತೋಚಿದಂತೆ ಊಹಿಸುತ್ತದೆ. ‘ನನ್ನ ಮಗನಿಗೆ ನಿನ್ನೆ ರಾತ್ರಿಯಿಂದ ವಾಂತಿ ಆಗುತ್ತಿದೆ’ ಎಂದು ಪೂರ್ತಿ ಹೇಳಿ, ಬಂದದ್ದನ್ನು ತಿರುಗಿ ಕನ್ನಡಕ್ಕೆ ತಂದು ನೋಡಿ.

ಆಂಬ್ಯುಲೆನ್ಸಿಗೂ ಬೆಂಕಿಗೂ ಒಂದೇ ಸಂಖ್ಯೆ, 119. ಮೊದಲ ಪ್ರಶ್ನೆಯೇ ‘ಕಜಿಯೋ, ಕ್ಯೂಕ್ಯೂವೋ’, ಅಂದರೆ ಬೆಂಕಿಯೋ, ಆಂಬ್ಯುಲೆನ್ಸೋ ಎಂದು. ‘ಕ್ಯೂಕ್ಯೂ’ ಅನ್ನಿ. ವೈದ್ಯರು ‘ನನ್‌ದೊ?’ ಎಂದರೆ ಜ್ವರ ಎಷ್ಟು ಡಿಗ್ರಿ ಎಂದು. 102 ಎಂದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ, ಅಲ್ಲಿ ಎಲ್ಲ ಸೆಲ್ಸಿಯಸ್. 100.4 ಅಂದರೆ 38, 102 ಅಂದರೆ 38.9. ಥರ್ಮಾಮೀಟರನ್ನು ಊರಲ್ಲೇ ಸೆಲ್ಸಿಯಸ್‌ಗೆ ಬದಲಿಸಿಕೊಂಡು ಹೊರಡಿ.